ಭಾಷಣ ಬಿಡಿ, ಕುರ್ಚಿ ಹಾಕಿ: ಕಳಮಶ್ಶೇರಿ ದಾರಿಯಲ್ಲಿ ಸಿಕ್ಕ ಹನ್ನೆರಡು ಸೂತ್ರ

ಆಲುವಾದಲ್ಲಿ ಕೊಚ್ಚಿ ಮೆಟ್ರೊ ಹತ್ತಿ ಎಡಪ್ಪಳ್ಳಿ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಕಂಪನಿಪ್ಪಡಿ, ಕಳಮಶ್ಶೇರಿ, ಕೊಚ್ಚಿನ್ ಯೂನಿವರ್ಸಿಟಿ ನಿಲ್ದಾಣಗಳು ದಾಟುತ್ತವೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇದು ದುಡಿಯುವವರ ಸೀಮೆ. ಪಕ್ಕದ ಏಲೂರಿನಲ್ಲಿ 1947ರಿಂದ ಗೊಬ್ಬರ ತಯಾರಿಸುತ್ತಿರುವ ಫ್ಯಾಕ್ಟ್ ಇದೆ. ನಮ್ಮ ಜಾಲಹಳ್ಳಿಯಲ್ಲಿ ಹುಟ್ಟಿ 60ರ ದಶಕದಲ್ಲಿ ಇಲ್ಲಿಗೂ ಬಂದ ಎಚ್‌ಎಂಟಿ ಇದೆ. ಅದರ ಹೆಸರಿನ ಜಂಕ್ಷನ್ನೂ ಇದೆ. 1971ರಲ್ಲಿ ಶುರುವಾದ ಕುಸಾಟ್ ವಿಶ್ವವಿದ್ಯಾಲಯ, ಅದರಾಚೆ ಕೇರಳ ಸ್ಟಾರ್ಟಪ್ ಮಿಷನ್ನಿನ ಹೊಸ ಕಟ್ಟಡಗಳು. ಸೌದೆ ಒಲೆಯ ಕಾಲದಿಂದ ರೋಬೋ ಕಾಲದವರೆಗೆ ಜನರಿಂದ ಕೆಲಸ ತೆಗೆಯುವ ಎಲ್ಲ ವಿಧಾನಗಳೂ ಇಲ್ಲಿ ಪ್ರಯೋಗವಾಗಿವೆ.

ನೌಕರರನ್ನು ಹುರಿದುಂಬಿಸುವುದು ಹೇಗೆ ಎಂದು ಹೇಳಿಕೊಡುವುದೇ ಈಗೊಂದು ದೊಡ್ಡ ಉದ್ಯಮ. ಹೋಟೆಲಿನ ಹಾಲ್ ಬುಕ್ ಮಾಡಿ, ಕತ್ತಿಗೆ ಮೈಕ್ ಸಿಕ್ಕಿಸಿಕೊಂಡವರೊಬ್ಬರು ಬಂದು, ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿ ಹೋಗುತ್ತಾರೆ. ಸೋಮವಾರ ಮತ್ತೆ ಅದೇ ಮುಖಗಳು. ನನಗೆ ಅನಿಸುವುದು ಇಷ್ಟು: ಕೆಲಸಕ್ಕೆ ಸೇರುವ ದಿನ ಹುರುಪಿಲ್ಲದವರು ಯಾರೂ ಇರುವುದಿಲ್ಲ. ಹೊಸ ಶರ್ಟು ತೊಟ್ಟು, ಮನೆಯಲ್ಲಿ ಕಾಲಿಗೆ ಬಿದ್ದು ಬಂದಿರುತ್ತಾರೆ. ಆ ಹುರುಪು ಎಲ್ಲಿ, ಯಾರಿಂದ ಸತ್ತಿತು ಎಂದು ಹುಡುಕುವುದೇ ಮೇಲಧಿಕಾರಿಯ ಮುಖ್ಯ ಕೆಲಸ. ಕೆಳಗಿನ ಸೂತ್ರಗಳನ್ನು ಆ ಹುಡುಕಾಟಕ್ಕೆ ಬಳಸಿಕೊಳ್ಳಬಹುದು.

1. ಮೊದಲು ಕುರ್ಚಿ ಹಾಕಿ

ಕೇರಳದ ಬಟ್ಟೆ ಅಂಗಡಿಗಳ ಸೇಲ್ಸ್ ಹೆಂಗಸರು ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಎಷ್ಟೋ ಅಂಗಡಿಗಳಲ್ಲಿ ಅವರಿಗೆ ಶೌಚಾಲಯವೂ ಇರಲಿಲ್ಲವಾದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಕಲ್ಲಿಕೋಟೆಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದ ಪಿ. ವಿಜಿ ಇಂಥವರನ್ನು ಕಲೆಹಾಕಿ ‘ಪೆಣ್‌ಕೂಟ್ಟ್’ ಎಂಬ ಸಂಘ ಕಟ್ಟಿದರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವುದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೂರುವುದನ್ನು ಹಕ್ಕಾಗಿಸಿತು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಹೆಸರು ಬಂತು. 2021ರಲ್ಲಿ ತಮಿಳುನಾಡೂ ಇಂಥದೇ ಕಾನೂನು ಮಾಡಿತು.

ಒಂದು ಕುರ್ಚಿಗೆ ಕಾನೂನೇ ಬೇಕಾಯಿತು ಎಂಬುದನ್ನು ಬಾಸ್‌ಗಳು ಸ್ವಲ್ಪ ಯೋಚಿಸಬೇಕು. ಯಾವ ಮಾಲೀಕನೂ ಕ್ರೂರಿಯಾಗಿ ಹುಟ್ಟಿರಲಿಲ್ಲ. ನಿಂತ ಹುಡುಗಿ ಚುರುಕಾಗಿ ಕಾಣುತ್ತಾಳೆ ಎಂದು ಯಾರೋ ಒಬ್ಬ ಅಂದುಕೊಂಡ, ಉಳಿದವರು ಹಿಂಬಾಲಿಸಿದರು. ನಮ್ಮ ಚಿಕ್ಕಪೇಟೆಯ ಅಂಗಡಿಗಳಿಗೆ ಹೋದಾಗ ಕೌಂಟರ್ ಹಿಂದೆ ಸ್ಟೂಲ್ ಇದೆಯೇ ಎಂದು ಒಮ್ಮೆ ಇಣುಕಿ ನೋಡಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಒಂದು ಸಿದ್ಧಾಂತ ಹೇಳಿದ. ಸಂಬಳ, ಸೌಕರ್ಯಗಳು ಅಸಮಾಧಾನವನ್ನು ಕಳೆಯುತ್ತವೆಯೇ ಹೊರತು ಉತ್ಸಾಹ ಹುಟ್ಟಿಸುವುದಿಲ್ಲ. ಉತ್ಸಾಹಕ್ಕೆ ಸಾಧನೆ, ಮನ್ನಣೆ, ಜವಾಬ್ದಾರಿ ಬೇಕು ಎಂದ. ಎಂಬಿಎ ತರಗತಿಗಳಲ್ಲಿ ಇಂದಿಗೂ ಇದು ಪಾಠ. ಆದರೆ ಅವನು ಮಾತಾಡಿಸಿದ್ದು ಪಿಟ್ಸ್‌ಬರ್ಗ್ ಸುತ್ತಲಿನ ಇನ್ನೂರು ಚಿಲ್ಲರೆ ಎಂಜಿನಿಯರು ಮತ್ತು ಲೆಕ್ಕಿಗರನ್ನು. ಅವರಿಗೆಲ್ಲ ಕೂರಲು ಕುರ್ಚಿ ಇತ್ತು. ಕಾಲು ಊದಿಕೊಂಡವಳಿಗೆ ಕುರ್ಚಿಯೇ ಮನ್ನಣೆ ಎಂಬುದು ಆ ಸಂದರ್ಶನಗಳಲ್ಲಿ ಬರಲು ಸಾಧ್ಯವೂ ಇರಲಿಲ್ಲ.

2. ಸಂಜೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ತಿಳಿದಿರಲಿ

2017ರ ಜೂನ್ 17ರಂದು ಕೊಚ್ಚಿ ಮೆಟ್ರೊ ಉದ್ಘಾಟನೆಯಾದಾಗ ದೇಶದ ಕಣ್ಣು ಅದರ ಮೇಲೆ ಬಿದ್ದದ್ದಕ್ಕೆ ಒಂದು ಕಾರಣ, ಟ್ರಾನ್ಸ್‌ಜೆಂಡರ್ ಸಮುದಾಯದ 23 ಮಂದಿಗೆ ಅದು ಕೊಟ್ಟ ಕೆಲಸ. ಒಳ್ಳೆಯ ನಿರ್ಧಾರ, ಎಲ್ಲರೂ ಮೆಚ್ಚಿದರು. ಕೆಲವೇ ದಿನಗಳಲ್ಲಿ ಎಂಟು ಮಂದಿ ಕೆಲಸ ಬಿಟ್ಟ ಸುದ್ದಿ ಬಂತು. ಕೆಲಸ ಕಷ್ಟವೆಂದಲ್ಲ; ನಗರದಲ್ಲಿ ಅವರಿಗೆ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ಲಾಡ್ಜ್‌ಗೆ ದಿನವೂ ತೆರುವ ದುಡ್ಡು ಸಂಬಳವನ್ನು ಮೀರುತ್ತಿತ್ತು. ಆಮೇಲೆ ಮೆಟ್ರೊ ಸಂಸ್ಥೆ ವಸತಿಗೆ ವ್ಯವಸ್ಥೆ ಮಾಡಲು ಓಡಾಡಬೇಕಾಯಿತು.

ನಿಮ್ಮ ತಂಡದಲ್ಲಿ ಒಬ್ಬನ ಕೆಲಸ ದಿಢೀರನೆ ಕೆಟ್ಟರೆ ಅವನ ಕಂಪ್ಯೂಟರ್ ನೋಡುವ ಮೊದಲು ಮನೆಯ ಕಡೆ ವಿಚಾರಿಸಿ. ಬಾಡಿಗೆ ಏರಿದೆಯೇ, ತಂದೆ ಆಸ್ಪತ್ರೆಯಲ್ಲಿದ್ದಾರೆಯೇ, ಮಗುವಿಗೆ ಶಾಲೆ ಸಿಕ್ಕಿಲ್ಲವೇ? ಏಲೂರು, ಎಡಯಾರ್ ಕಾರ್ಖಾನೆಗಳಿಗೆ ಒಡಿಶಾ, ಬಂಗಾಳ, ಬಿಹಾರಗಳಿಂದ ಬಂದವರ ಮಕ್ಕಳು ಮಲಯಾಳ ಬಾರದೆ ಶಾಲೆ ಬಿಡುತ್ತಿದ್ದರು. 2017ರಲ್ಲಿ ಎರ್ನಾಕುಲಂ ಜಿಲ್ಲಾಡಳಿತ ಬಿನಾನಿಪುರಂ ಸರ್ಕಾರಿ ಪ್ರೌಢಶಾಲೆಯಲ್ಲಿ ‘ರೋಶ್ನಿ’ ಎಂಬ ಯೋಜನೆ ಶುರುಮಾಡಿ, ಆ ಮಕ್ಕಳಿಗೆ ಬೆಳಗ್ಗೆ ತಿಂಡಿ ಕೊಟ್ಟು, ಅವರ ಭಾಷೆಯ ಮೂಲಕವೇ ಮಲಯಾಳ ಕಲಿಸತೊಡಗಿತು. ಮಗ ಶಾಲೆಗೆ ಹೋಗುತ್ತಿದ್ದಾನೆ ಎಂದರೆ ಅಪ್ಪ ಊರಿಗೆ ಗಂಟು ಕಟ್ಟುವ ಮೊದಲು ಎರಡು ಸಲ ಯೋಚಿಸುತ್ತಾನೆ. ಯಾವ ಎಚ್‌ಆರ್ ವಿಭಾಗವೂ ಇಷ್ಟು ಚೆನ್ನಾಗಿ ನೌಕರರನ್ನು ಹಿಡಿದಿಟ್ಟುಕೊಂಡದ್ದು ನಾನು ಕಾಣೆ.

3. ಬೋನಸ್ಸನ್ನು ಉತ್ರಾಡಕ್ಕೆ ಮೊದಲು ಕೊಡಿ

ಓಣಂನ ಹಿಂದಿನ ದಿನ ಉತ್ರಾಡ. ಅಂದು ಇಡೀ ಕೇರಳ ಸಂತೆಗೆ ಓಡುತ್ತದೆ: ಹೊಸ ಬಟ್ಟೆ, ಬಾಳೆಕಾಯಿ ಚಿಪ್ಸ್, ತರಕಾರಿ, ಹೂವು. ಬೋನಸ್ ಹಣ ಹಬ್ಬದ ಮರುದಿನ ಖಾತೆಗೆ ಬಂದರೆ ಮೊತ್ತ ಅಷ್ಟೇ ಇದ್ದರೂ ಕೊಟ್ಟ ಪುಣ್ಯ ಬರುವುದಿಲ್ಲ. ಕಾನೂನು ಗೊತ್ತುಮಾಡಿದ ಕನಿಷ್ಠ ಶೇ 8.33ರ ಲೆಕ್ಕವನ್ನು ನಿಮ್ಮ ಅಕೌಂಟೆಂಟ್ ನೋಡಿಕೊಳ್ಳಲಿ. ತಾರೀಖನ್ನು ಮಾತ್ರ ನೀವೇ ನೋಡಿ. ಕರ್ನಾಟಕದಲ್ಲಾದರೆ ಆಯುಧಪೂಜೆಗೆ ಮೊದಲು, ಯಂತ್ರಕ್ಕೆ ಕುಂಬಳಕಾಯಿ ಒಡೆಯುವ ಹೊತ್ತಿಗೆ ಕೈಯಲ್ಲಿರಬೇಕು.

4. ಎಲೆ ಹಾಕಿ ಊಟ ಬಡಿಸಿ, ಫೋಟೋ ಆಮೇಲೆ

ಮೆಟ್ರೊ ಉದ್ಘಾಟನೆಗೆ ಕೆಲವು ದಿನ ಮೊದಲು, ಗಣ್ಯರ ಪಟ್ಟಿ ಸಿದ್ಧವಾಗುತ್ತಿದ್ದಾಗಲೇ, ಕಂಬ ಕಟ್ಟಿದ, ಹಳಿ ಹಾಸಿದ ನೂರಾರು ವಲಸೆ ಕಾರ್ಮಿಕರನ್ನು ಕರೆದು ಬಾಳೆಲೆಯ ಮೇಲೆ ಕೇರಳದ ಹಬ್ಬದೂಟ ‘ಸದ್ಯ’ ಬಡಿಸಲಾಯಿತು. ಇಂಥ ದೊಡ್ಡ ಕಾಮಗಾರಿ ಮುಗಿದ ಮೇಲೆ ಕಾರ್ಮಿಕರು ಸದ್ದಿಲ್ಲದೆ ಇನ್ನೊಂದು ಊರಿನ ಇನ್ನೊಂದು ಗುಂಡಿಗೆ ಇಳಿಯುವುದು ರೂಢಿ. ಅವರು ಕಟ್ಟಿದ ರೈಲಿನಲ್ಲಿ ಅವರು ಕೂತದ್ದೇ ಇರುವುದಿಲ್ಲ.

ಪ್ರಾಜೆಕ್ಟ್ ಮುಗಿದಾಗ ನೀವೂ ಪಾರ್ಟಿ ಕೊಡುತ್ತೀರಿ. ಅದಕ್ಕೆ ಸೆಕ್ಯುರಿಟಿಯವರು, ಕ್ಲೀನಿಂಗ್ ಸಿಬ್ಬಂದಿ, ಡ್ರೈವರ್‌ಗಳು, ಗುತ್ತಿಗೆಯ ಟೆಸ್ಟಿಂಗ್ ಹುಡುಗರು ಬರುತ್ತಾರೆಯೇ? ಉಳಿದ ಕೇಕನ್ನು ಪೇಪರ್ ತಟ್ಟೆಯಲ್ಲಿ ಗೇಟಿಗೆ ಕಳಿಸಿದರೆ ಕರೆದಂತಾಗುವುದಿಲ್ಲ.

5. ಕೈಮೀರಿದ ಕೆಲಸ ನಂಬಿ ಕೊಡಿ

ಫ್ಯಾಕ್ಟ್‌ನ ಆರಂಭದ ಕಥೆಯೇ ವಿಚಿತ್ರ. ಗೊಬ್ಬರಕ್ಕೆ ಬೇಕಾದ ಅನಿಲ ಉತ್ಪಾದಿಸಲು ಆಗ ಅಲ್ಲಿ ಇದ್ದದ್ದು ಕಾಡಿನ ಸೌದೆ. ಸೌದೆಯಿಂದ ಅನಿಲ, ಅನಿಲದಿಂದ ಅಮೋನಿಯ, ಅದರಿಂದ ಅಮೋನಿಯಂ ಸಲ್ಫೇಟ್. ಅಲ್ಲಿಗೆ 1959ರಲ್ಲಿ ಮುಖ್ಯಸ್ಥರಾಗಿ ಬಂದವರು ಐಎಎಸ್ ಅಧಿಕಾರಿ ಎಂ.ಕೆ.ಕೆ. ನಾಯರ್. ಗೊಬ್ಬರದ ಕಾರ್ಖಾನೆ ಬೇಕೆಂದರೆ ಹೊರದೇಶದ ಕಂಪನಿಗೆ ದುಡ್ಡು ಕಟ್ಟಿ ನಕ್ಷೆ ತರಿಸುವುದೇ ಆಗಿನ ದಾರಿ. ನಾಯರ್ ಕಾಲದಲ್ಲಿ, 1965ರಲ್ಲಿ, ಫ್ಯಾಕ್ಟ್ ತನ್ನ ಎಂಜಿನಿಯರುಗಳನ್ನೇ ಸೇರಿಸಿ ‘ಫೆಡೋ’ ಎಂಬ ವಿನ್ಯಾಸ ಸಂಸ್ಥೆ ಕಟ್ಟಿತು. ನಿನ್ನೆಯವರೆಗೆ ವಾಲ್ವ್ ತಿರುಗಿಸುತ್ತಿದ್ದವರಿಗೆ ಕಾರ್ಖಾನೆಯನ್ನೇ ವಿನ್ಯಾಸ ಮಾಡಿ ಎಂದಂತಾಯಿತು. ಮರುವರ್ಷ ಯಂತ್ರಭಾಗ ತಯಾರಿಸುವ ಇನ್ನೊಂದು ಘಟಕವೂ ಹುಟ್ಟಿತು.

ಎಚ್‌ಎಂಟಿಯದೂ ಇದೇ ದಾರಿ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ, ತನ್ನ ಸ್ವಂತ ಗಳಿಕೆಯಿಂದ 1961ರ ಹೊತ್ತಿಗೆ ಎರಡನೆಯದನ್ನು ಎಬ್ಬಿಸಿತು. ಹಾಗೆ ಬೆಳೆಯುತ್ತ ಪಿಂಜೋರ್, ಕಳಮಶ್ಶೇರಿ, ಹೈದರಾಬಾದ್‌ಗಳಿಗೆ ಹರಡಿತು. ಲೇತ್ ಮಾಡುತ್ತಿದ್ದ ಕಂಪನಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರಕ್ಕೂ ಕೈ ಹಾಕಿತು. ಕಳಮಶ್ಶೇರಿ ಘಟಕ ಮುದ್ರಣಯಂತ್ರಗಳನ್ನೂ ತಯಾರಿಸಿತು. ಆಮೇಲಿನ ಎಚ್‌ಎಂಟಿಯ ಇಳಿಗಾಲಕ್ಕೆ ಕಾರಣ ಬೇರೆ, ಆ ಚರ್ಚೆ ಇಲ್ಲಿ ಬೇಡ. ನಮ್ಮ ಅಪ್ಪಂದಿರ ಮಣಿಕಟ್ಟಿನಲ್ಲಿದ್ದ ವಾಚನ್ನು ಮಾಡಿದವರು ‘ನಮ್ಮಿಂದಾಗುತ್ತದೆ’ ಎಂದು ಯಾರೋ ನಂಬಿದ್ದ ಜನ ಎಂಬುದಷ್ಟೇ ಇಲ್ಲಿ ಮುಖ್ಯ.

ಇದನ್ನು ಮಾಡುವ ವಿಧಾನ: ನಿಮ್ಮ ತಂಡದ ಒಬ್ಬರಿಗೆ ಅವರ ಹುದ್ದೆಗಿಂತ ಒಂದು ಮೆಟ್ಟಿಲು ಮೇಲಿನ ಕೆಲಸ ಕೊಡಿ. ಹಣ ಮಂಜೂರು ಮಾಡುವ ಅಧಿಕಾರವನ್ನೂ ಸ್ವಲ್ಪ ಕೊಡಿ. ಆಮೇಲೆ ದಿನಕ್ಕೆ ನಾಲ್ಕು ಸಲ ‘ಎಲ್ಲಿಗೆ ಬಂತು’ ಎಂದು ಕೇಳುವ ಚಪಲವನ್ನು ತಡೆದುಕೊಳ್ಳಿ. ಮೂರನೆಯದೇ ಕಷ್ಟ.

6. ಸೋತ ದಿನ ಮೈಕ್ ನಿಮ್ಮದು, ಗೆದ್ದ ದಿನ ಅವರದು

ಈ ಕಥೆ ಹಲವರಿಗೆ ಗೊತ್ತು, ಅಬ್ದುಲ್ ಕಲಾಂ ಅವರೇ ಊರೂರಲ್ಲಿ ಹೇಳಿದ್ದರು. ಆದರೂ ಕೇರಳದ ಮಾತು ಬಂದ ಮೇಲೆ ಬಿಡಲಾಗದು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ರಾಕೆಟ್ ಶ್ರೀಹರಿಕೋಟದಿಂದ ಹಾರಿ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಅದನ್ನು ಕಟ್ಟಿದ್ದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ, ಯೋಜನಾ ನಿರ್ದೇಶಕ ಕಲಾಂ. ಪತ್ರಕರ್ತರ ಮುಂದೆ ಹೋಗಿ ಕೂತವರು ಮಾತ್ರ ಇಸ್ರೊ ಅಧ್ಯಕ್ಷ ಸತೀಶ್ ಧವನ್. ಹೊಣೆ ತಮ್ಮದೆಂದರು, ತಮ್ಮ ತಂಡ ಮತ್ತೆ ಮಾಡಿ ತೋರಿಸುತ್ತದೆಂದರು. 1980ರ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಅದೇ ಧವನ್, ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು.

ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಎರಡು ದೊಡ್ಡ ಸಂಸ್ಥೆಗಳನ್ನು ಹೊತ್ತಿದ್ದವರಿಗೆ ಹೆಸರಿನ ಹಸಿವೇನೂ ಇರಲಿಲ್ಲ ಎಂದು ನೀವು ಹೇಳಬಹುದು. ಸರಿ, ಹಾಗಾದರೆ ದೆಹಲಿ ಮೆಟ್ರೊ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರನ್ನು ನೋಡಿ. 2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೊ ಸೇತುವೆ ಕುಸಿದು ಕಾರ್ಮಿಕರು ಸತ್ತ ದಿನವೇ ರಾಜೀನಾಮೆ ಕೊಟ್ಟರು. ಗುತ್ತಿಗೆದಾರನ ಮೇಲೆ ಹೊರಿಸಿ ಸುಮ್ಮನಿರಬಹುದಿತ್ತು, ಅದು ಎಲ್ಲರೂ ಮಾಡುವುದೇ. ಸರ್ಕಾರ ಒತ್ತಾಯಿಸಿದ ಮೇಲೆ ಮುಂದುವರಿದರು.

ತಪ್ಪಾದ ದಿನ ನಿಮ್ಮ ಮೇಲಿನವರಿಗೆ ಕಳಿಸುವ ಮೇಲ್‌ನಲ್ಲಿ ಕೆಳಗಿನವರ ಹೆಸರಿದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅಳಿಸಿ. ಅದು ಒಂದಲ್ಲ ಒಂದು ದಿನ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

7. ಗಡುವು ಎಲ್ಲರಿಗೂ ಕಾಣಲಿ

ಶ್ರೀಧರನ್ ಅವರ ಇನ್ನೊಂದು ಪಾಠ. 1964ರ ಡಿಸೆಂಬರಿನ ಚಂಡಮಾರುತ ಪಾಂಬನ್ ಸೇತುವೆಯನ್ನು ಸಮುದ್ರಕ್ಕೆ ಎಸೆದಿತ್ತು. ಸರಿಪಡಿಸಲು ರೈಲ್ವೆ ಕೊಟ್ಟ ಗಡುವು ಆರು ತಿಂಗಳು, ಅದನ್ನು ಮೇಲಧಿಕಾರಿ ಮೂರಕ್ಕೆ ಇಳಿಸಿದರು. ಸಮುದ್ರಕ್ಕೆ ಬಿದ್ದ ಗರ್ಡರ್‌ಗಳನ್ನೇ ಹುಡುಕಿ ಎತ್ತಿಸಿ 46 ದಿನಗಳಲ್ಲಿ ಮುಗಿಸಿದ ಎಂಜಿನಿಯರಿಗೆ ಆಗ ಮೂವತ್ತೆರಡು ವರ್ಷ. ಮುಂದೆ ಅವರೇ ನಮ್ಮ ಕರಾವಳಿಯ ಹೊಳೆ, ಗುಡ್ಡ, ಕೆಸರುಮಣ್ಣಿನ ಸುರಂಗಗಳ ನಡುವೆ ಕೊಂಕಣ ರೈಲ್ವೆ ಕಟ್ಟಿದರು. ದೆಹಲಿ ಮೆಟ್ರೊ ಕಚೇರಿಗಳ ಗೋಡೆಯಲ್ಲಿ, ಕೆಲಸ ಮುಗಿಸಲು ಇನ್ನೆಷ್ಟು ದಿನ ಉಳಿದಿದೆ ಎಂದು ಹಿಂದಕ್ಕೆ ಎಣಿಸುವ ಗಡಿಯಾರ ಹಾಕಿಸಿದರು.

ಆ ಗಡಿಯಾರವನ್ನು ಹಲವು ಕಂಪನಿಗಳು ನಕಲು ಮಾಡಿದವು. ಅದರ ಹಿಂದಿನ ನ್ಯಾಯವನ್ನು ಮಾತ್ರ ನಕಲು ಮಾಡಲಿಲ್ಲ. ಗೋಡೆಯ ಗಡಿಯಾರ ಬಾಸ್‌ಗೂ ಕಾಣುತ್ತದೆ. ಸಾಮಗ್ರಿ ತಡವಾದರೆ, ಸಹಿ ತಡವಾದರೆ ಯಾರಿಂದ ತಡ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಗಡುವನ್ನು ತಮ್ಮ ತಲೆಯೊಳಗೇ ಇಟ್ಟುಕೊಂಡು ಶುಕ್ರವಾರ ಸಂಜೆ ಆರಕ್ಕೆ ‘ಸೋಮವಾರ ಬೆಳಗ್ಗೆ ಬೇಕು’ ಎನ್ನುವವರಿಗೆ ಈ ಸೂತ್ರ ಹಿಡಿಸುವುದಿಲ್ಲ.

8. ಯಂತ್ರ ತರುವ ಮೊದಲು ಆ ಕೆಲಸ ಮಾಡುವವನನ್ನು ಕೇಳಿ

2015ರ ನವೆಂಬರಿನಲ್ಲಿ ಕಲ್ಲಿಕೋಟೆಯ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರೂ ಅವರನ್ನು ಉಳಿಸಲು ಧುಮುಕಿದ ಆಟೊ ಚಾಲಕರೊಬ್ಬರೂ ಸತ್ತರು. ಅದು ಮನಸ್ಸಿಗೆ ತಟ್ಟಿದ ನಾಲ್ವರು ಎಂಜಿನಿಯರಿಂಗ್ ಗೆಳೆಯರು ಜೆನ್‌ರೊಬೋಟಿಕ್ಸ್ ಕಂಪನಿಯ ಮೂಲಕ ‘ಬ್ಯಾಂಡಿಕೂಟ್’ ಎಂಬ ರೋಬೋ ತಯಾರಿಸಿದರು. ಸ್ಟಾರ್ಟಪ್ ಮಿಷನ್ ಮತ್ತು ಕೇರಳ ಜಲ ಪ್ರಾಧಿಕಾರದ ಬೆಂಬಲದಿಂದ 2018ರಲ್ಲಿ ತಿರುವನಂತಪುರದಲ್ಲಿ ಅದು ಗುಂಡಿಗೆ ಇಳಿಯಿತು.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಯಂತ್ರಕ್ಕಿಂತ ಅದನ್ನು ನಡೆಸುವವರ ಆಯ್ಕೆ. ರೋಬೋ ಬಂದರೆ ಮೊದಲು ಕೆಲಸ ಹೋಗುವುದು ಗುಂಡಿಗೆ ಇಳಿಯುತ್ತಿದ್ದವರದೇ. ಕಂಪನಿ ಅವರನ್ನೇ ಕರೆದು ರೋಬೋ ನಡೆಸಲು ತರಬೇತಿ ಕೊಟ್ಟಿತು. ಓದು ಕಡಿಮೆ ಇದ್ದವರಿಗೂ ಅರ್ಥವಾಗುವಂತೆ ಅದರ ಪರದೆ, ಗುಂಡಿಗಳನ್ನು ಸರಳವಾಗಿಟ್ಟಿತು. ಕೊಳಚೆಯಲ್ಲಿ ನಿಲ್ಲುತ್ತಿದ್ದವರು ರಸ್ತೆಯ ಮೇಲೆ ನಿಂತು ಪರದೆ ನೋಡುವ ಆಪರೇಟರ್ ಆದರು.

ಈಗ ಎಲ್ಲ ಕಚೇರಿಗೂ ಎಐ ಬರುತ್ತಿದೆ. ಜನ ಬಾಯಿಬಿಟ್ಟು ಕೇಳದಿದ್ದರೂ ಒಳಗೊಳಗೇ ನಡುಗುತ್ತಿದ್ದಾರೆ. ಯಾರ ಕೆಲಸವನ್ನು ಅದು ನುಂಗುತ್ತದೋ ಅವರ ಕೈಗೇ ಮೊದಲ ಲಾಗಿನ್ ಕೊಡಿ. ಅವರಿಗೆ ಗೊತ್ತಿರುವ ಒಳಸುಳಿಗಳು ತಂತ್ರಾಂಶ ಮಾರಲು ಬಂದವನಿಗೆ ಗೊತ್ತಿರುವುದಿಲ್ಲ.

9. ಪಾಲು ಕೊಡಿ, ಕೊಡಲಾಗದಿದ್ದರೆ ಲೆಕ್ಕವನ್ನಾದರೂ ತೋರಿಸಿ

ತಿರುವನಂತಪುರದ ತಂಪಾನೂರಿನಲ್ಲಿ ಬಸ್ ಇಳಿದವರಿಗೆ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಗೊತ್ತಿರುತ್ತದೆ. ಇಟ್ಟಿಗೆಯ ಸುರುಳಿ ಕಟ್ಟಡ, ಒಳಗೆ ಸುತ್ತುತ್ತ ಮೇಲೇರುವ ಮೇಜುಗಳ ಸಾಲು. ಕನ್ನಡಿಗರಿಗೆ ಒಂದು ಎಚ್ಚರಿಕೆ: ಅಲ್ಲಿ ಮಸಾಲೆದೋಸೆಯೊಳಗೆ ಬೀಟ್‌ರೂಟ್ ಇರುತ್ತದೆ. ದೋಸೆಯ ವಿಷಯದಲ್ಲಿ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ. ಆದರೆ ತಲೆಗೆ ರುಮಾಲು ಸುತ್ತಿ ಕಾಫಿ ತಂದುಕೊಡುವವರು ಆ ಸಹಕಾರ ಸಂಘದ ಸದಸ್ಯರು, ಎಂದರೆ ಅಂಗಡಿಯ ಒಡೆಯರು. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸತೊಡಗಿದಾಗ, ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಅವರ ನಾಯಕತ್ವದಲ್ಲಿ ಅವರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕೇರಳದ ಮೊದಲ ಕಾಫಿ ಹೌಸ್ ಮರುವರ್ಷ ತ್ರಿಶೂರಿನಲ್ಲಿ ತೆರೆಯಿತು. ಅವರನ್ನು ಕೆಲಸದಿಂದ ತೆಗೆದ ಆಡಳಿತ ಯಾರ ನೆನಪಿನಲ್ಲೂ ಇಲ್ಲ, ಕಾಫಿ ಹೌಸ್ ಇನ್ನೂ ನಡೆಯುತ್ತಿದೆ.

ಇದಕ್ಕಿಂತ ಖಾರವಾದ ಕಥೆ ಗಡಿಯಾಚೆಗಿನ ಕಣ್ಣೂರಿನದು. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ಗಣೇಶ್ ಬೀಡಿ ಮುಂತಾದವು ಅಲ್ಲಿನ ಕಾರ್ಖಾನೆಗಳನ್ನೇ ಮುಚ್ಚಿದವು. ಸುಮಾರು 12,000 ಜನ ಬೀದಿಗೆ ಬಿದ್ದರು. 1969ರ ಫೆಬ್ರುವರಿಯಲ್ಲಿ ಅವರೆಲ್ಲ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು, ಅಧ್ಯಕ್ಷ ಜಿ.ಕೆ. ಪಣಿಕ್ಕರ್. ಮಾಲೀಕರು ಅಸಾಧ್ಯವೆಂದಿದ್ದ ರಜೆ, ಪಿಂಚಣಿ, ಬೋನಸ್ಸುಗಳನ್ನು ಕೊಟ್ಟೂ ಅದು ದಶಕಗಟ್ಟಲೆ ಲಾಭದಲ್ಲಿ ನಡೆಯಿತು. ಬೀಡಿ ಸೇದುವವರು ಕಡಿಮೆಯಾದಾಗ ಕೊಡೆ, ತಿಂಡಿ ತಿನಿಸು, ಉಡುಪುಗಳಿಗೆ ಹೊರಳಿತು. ಬೀಡಿ ಆರೋಗ್ಯಕ್ಕೆ ಒಳ್ಳೆಯದಲ್ಲ, ಅದು ಬೇರೆ ಮಾತು.

ಎಲ್ಲ ಕಂಪನಿಯೂ ಸಹಕಾರ ಸಂಘವಾಗಲು ಸಾಧ್ಯವಿಲ್ಲ. ಇನ್ಫೊಸಿಸ್ 1994ರಲ್ಲೇ ನೌಕರರಿಗೆ ಷೇರು ಕೊಡುವ ಯೋಜನೆ ತಂದು ಖಾಸಗಿ ಕಂಪನಿಗಳಿಗೂ ದಾರಿಯಿದೆ ಎಂದು ತೋರಿಸಿತು. ಅಷ್ಟೂ ಆಗದಿದ್ದರೆ, ಮೂರು ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬೋರ್ಡಿನ ಮೇಲೆ ಬರೆಯಿರಿ. ಇನ್‌ಕ್ರಿಮೆಂಟ್ ಕಡಿಮೆಯಾದ ವರ್ಷ ಅದರ ಬೆಲೆ ತಿಳಿಯುತ್ತದೆ. ಲಾಭದ ವರ್ಷ ಬೋರ್ಡ್ ಒರೆಸಿ, ನಷ್ಟದ ವರ್ಷ ಮಾತ್ರ ‘ನಾವೆಲ್ಲ ಒಂದೇ ಕುಟುಂಬ’ ಎನ್ನುವುದು ಮೂಗಿಗೆ ತುಪ್ಪ ಸವರುವ ಕೆಲಸ, ಎಲ್ಲರಿಗೂ ವಾಸನೆ ಗೊತ್ತಾಗುತ್ತದೆ.

10. ಕಿವಿಗೂ ಮನಸ್ಸಿಗೂ ಸ್ವಲ್ಪ ಮೇವು

ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇತ್ತು. ಕೈ ಬೀಡಿ ಕಟ್ಟುತ್ತಿರುವಾಗ ಕಿವಿ ಖಾಲಿ ಇರುತ್ತದಲ್ಲ? ಒಬ್ಬ ಕೂತು ಎಲ್ಲರಿಗೂ ಪತ್ರಿಕೆ ಓದುತ್ತಿದ್ದ, ಕಥೆ ಕಾದಂಬರಿಗಳನ್ನೂ ಓದುತ್ತಿದ್ದ. ಓದುಗನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ರಾಜಕೀಯ ಚರ್ಚೆ ಅಲ್ಲಿಂದಲೇ ಹೊತ್ತಿಕೊಳ್ಳುತ್ತಿತ್ತು, ಮಾಲೀಕರಿಗೆ ಅದು ತಲೆನೋವೂ ಆಗಿತ್ತು ಅನ್ನಿ. ಇತ್ತ ಏಲೂರಿನಲ್ಲಿ ಎಂ.ಕೆ.ಕೆ. ನಾಯರ್ ಗೊಬ್ಬರದ ಕಾರ್ಖಾನೆಯ ಆವರಣಕ್ಕೇ ಕಥಕ್ಕಳಿಯನ್ನೂ ಲಲಿತಕಲೆಗಳನ್ನೂ ಫುಟ್‌ಬಾಲನ್ನೂ ತಂದರು. ಕೇರಳ ಕಲಾಮಂಡಲಂನ ಅಧ್ಯಕ್ಷರೂ ಆಗಿದ್ದ ಮನುಷ್ಯ. ಸಾರ್ವಜನಿಕ ಹಣದಲ್ಲಿ ಕುಣಿತವೇ ಎಂದು ಗೊಣಗಿದವರು ಇದ್ದೇ ಇರುತ್ತಾರೆ.

ನಿಮ್ಮ ಕಚೇರಿಯಲ್ಲಿ ಒಂದು ಕಪಾಟು ಪುಸ್ತಕ, ತಿಂಗಳಿಗೊಂದು ಸಂಜೆಯ ಯಕ್ಷಗಾನವೋ ಕ್ರಿಕೆಟ್ಟೋ ಇದ್ದರೆ ಸಾಕು. ಕಡ್ಡಾಯ ಹಾಜರಿ ಮಾತ್ರ ಬೇಡ.

11. ಮುರುಕು ಶೆಡ್ಡಿನ ಕಥೆಯನ್ನು ಪ್ರಾಮಾಣಿಕವಾಗಿ ಹೇಳಿ

1963ರ ನವೆಂಬರ್ 21ರಂದು ತಿರುವನಂತಪುರ ಬಳಿಯ ತುಂಬಾದಿಂದ ಮೊದಲ ರಾಕೆಟ್ ಹಾರಿದಾಗ ಅಲ್ಲಿನ ಕಚೇರಿ ಮೀನುಗಾರರು ಬಿಟ್ಟುಕೊಟ್ಟ ಸಂತ ಮೇರಿ ಮ್ಯಾಗ್ಡಲೀನ್ ಚರ್ಚು. ರಾಕೆಟ್ಟಿನ ಭಾಗ ಸೈಕಲ್ ಕ್ಯಾರಿಯರ್ ಮೇಲೆ ಸಾಗುವ ಚಿತ್ರ ಎಲ್ಲರೂ ನೋಡಿದ್ದೇ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ, 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಗುರಿ ದೊಡ್ಡದಿದ್ದು, ಮುಖ್ಯಸ್ಥನೂ ಅದೇ ಶೆಡ್ಡಿನಲ್ಲಿ ಬೆವರುತ್ತಿದ್ದರೆ ಜನ ಎಸಿ ಕೇಳುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಸ್ಟಾರ್ಟಪ್ ಮಾಲೀಕರಿಗೆ ಈ ಕಥೆ ಬಹಳ ಪ್ರೀತಿ. ತಾವು ಕ್ಯಾಬಿನ್ನಿನಲ್ಲಿ ಕೂತು, ಹೊರಗಿನ ಫ್ಯಾನ್ ರಿಪೇರಿ ಕೇಳಿದವರಿಗೆ ಸೈಕಲ್ ಫೋಟೋ ತೋರಿಸುತ್ತಾರೆ. ಅಂಥವರು ಒಂದನೇ ಸೂತ್ರಕ್ಕೆ ಹಿಂದಿರುಗಲಿ.

ಸ್ಟಾರ್ಟಪ್ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2012ರಲ್ಲಿ ಕಳಮಶ್ಶೇರಿಯಲ್ಲಿ ಸ್ಟಾರ್ಟಪ್ ವಿಲೇಜ್ ಶುರುವಾದ ಮೇಲೆ, ಸ್ವಂತ ಉದ್ಯಮ ನಡೆಸುವ ವಿದ್ಯಾರ್ಥಿಗಳಿಗೆ ಕೇರಳ ಸರ್ಕಾರ ಶೇ 20ರಷ್ಟು ಹಾಜರಾತಿ ವಿನಾಯಿತಿಯನ್ನೂ ಶೇ 4ರಷ್ಟು ಕೃಪಾಂಕವನ್ನೂ ಘೋಷಿಸಿತು. ಕ್ಲಾಸಿಗೆ ಚಕ್ಕರ್ ಹೊಡೆಯಲು ಸರ್ಕಾರವೇ ಪರವಾನಗಿ ಕೊಟ್ಟಂತೆ! ನಿಮ್ಮಲ್ಲಿ ಹೊಸದೇನಾದರೂ ಆಗಬೇಕೆಂದರೆ ಹಾಜರಿ ಪುಸ್ತಕದಲ್ಲಿ ಇಂಥ ಒಂದು ಸಂದಿ ಬಿಡಿ.

12. ಯೂನಿಯನ್‌ನವರನ್ನು ಜಗಳವಿಲ್ಲದ ದಿನ ಭೇಟಿಯಾಗಿ

ಬೆಂಗಳೂರಿನಿಂದ ಕೊಚ್ಚಿಗೆ ವರ್ಗವಾದ ಮ್ಯಾನೇಜರುಗಳನ್ನು ಎಲ್ಲರೂ ಹೆದರಿಸುವುದು ಇದೊಂದನ್ನೇ ಹೇಳಿ: ಕೆಂಪು ಬಾವುಟ, ಬಂದ್, ಏನೂ ಮಾಡದೆ ನೋಡುತ್ತ ನಿಂತದ್ದಕ್ಕೇ ಕೂಲಿ ಕೇಳುವ ‘ನೋಕ್ಕುಕೂಲಿ’. ಆ ಕೊನೆಯ ಪಿಡುಗು ನಿಜ. ಅದನ್ನು ತೆಗೆಯಲು ಸರ್ಕಾರ ಕಾರ್ಮಿಕ ಸಂಘಟನೆಗಳನ್ನೇ ಕರೆದು ಮಾತಾಡಿ ಒಪ್ಪಿಸಿ, 2018ರ ಮೇ 1ರಿಂದ, ಅಂದರೆ ಕಾರ್ಮಿಕರ ದಿನದಿಂದಲೇ, ಕೊನೆಯಾಗಿಸಿತು. ಪೂರ್ತಿ ಹೋಯಿತೇ ಎಂದರೆ ಇಲ್ಲ, ಮೂರು ವರ್ಷದ ಮೇಲೂ ಹೈಕೋರ್ಟ್ ಛೀಮಾರಿ ಹಾಕಬೇಕಾಯಿತು. ಆದರೆ ಅದಕ್ಕೆ ಬಹಿರಂಗವಾಗಿ ಬೆನ್ನು ಕೊಡುವುದು ಸಂಘಟನೆಗಳಿಗೂ ಕಷ್ಟವಾಯಿತು.

ಯೂನಿಯನ್ ಮುಖಂಡ ಎಂದರೆ ನಿಮ್ಮ ಮುಂದೆ ಬಾಯಿಬಿಡದ ನೂರು ಜನರ ಅಸಮಾಧಾನವನ್ನು ಪುಕ್ಕಟೆಯಾಗಿ ತಂದು ಹೇಳುವವನು. ಅದೇ ಸಮೀಕ್ಷೆಯನ್ನು ಕನ್ಸಲ್ಟೆಂಟ್ ಕೈಲಿ ಮಾಡಿಸಿದರೆ ಲಕ್ಷಗಟ್ಟಲೆ ಬಿಲ್ ಬರುತ್ತದೆ. ಸಂಬಳದ ಮಾತುಕತೆ ಇಲ್ಲದ ತಿಂಗಳಲ್ಲಿ ಅವರ ಜೊತೆ ಚಹಾ ಕುಡಿಯಿರಿ. ಶಿಫ್ಟ್ ಬದಲಾವಣೆ, ಹೊಸ ಯಂತ್ರ, ಹೊಸ ನಿಯಮ, ಏನೇ ಇದ್ದರೂ ನೋಟಿಸ್ ಬೋರ್ಡಿಗೆ ಮೊದಲು ಅವರಿಗೆ ತಿಳಿಸಿ. ಒಪ್ಪಿದ್ದನ್ನು ಬರೆದು ಇಬ್ಬರೂ ಸಹಿ ಮಾಡಿ.

ಅಲ್ಲಿಗೆ ಹೋಗುವ ಕನ್ನಡಿಗರು ನಾಲ್ಕು ಮಾತು ಮಲಯಾಳ ಕಲಿತಿದ್ದರೆ ಈ ಚಹಾ ಸಲೀಸು. ಯಂತ್ರದ ಮುಂದೆ ನಿಂತ ಹಿರಿಯ ಕೆಲಸಗಾರನನ್ನು ‘ಚೇಟ್ಟಾ’ (ಅಣ್ಣಾ) ಎಂದು ಕರೆದು ಮಾತು ಶುರುಮಾಡಿ, ಉಚ್ಚಾರ ಕೆಟ್ಟರೆ ಅವರೇ ತಿದ್ದುತ್ತಾರೆ. ತಂಡದಲ್ಲಿ ಕಾಸರಗೋಡಿನ ಕನ್ನಡಿಗರೊಬ್ಬರಿದ್ದರೆ ನಿಮ್ಮ ಅದೃಷ್ಟ: ಎರಡೂ ಭಾಷೆ ಬಲ್ಲವರು, ಎರಡೂ ಕಡೆಯ ಮುನಿಸು ಅರಿತವರು. ಆದರೆ ಅವರನ್ನು ಪ್ರತಿ ಮೀಟಿಂಗಿಗೂ ದುಭಾಷಿಯಾಗಿ ಎಳೆದುಕೊಂಡು ಹೋಗಿ, ವರ್ಷದ ಕೊನೆಗೆ ‘ನಿಮ್ಮ ಸ್ವಂತ ಕೆಲಸ ಹಿಂದೆ ಬಿದ್ದಿದೆ’ ಎಂದು ಅಪ್ರೈಸಲ್‌ನಲ್ಲಿ ಬರೆಯಬೇಡಿ.